ಗೊತ್ತಪ್ಪನ ಫ್ಯಾನು

ಗೊತ್ತಪ್ಪ ಆ ಕಿವಿ ಆಸ್ಪತ್ರೆಗೆ ಮೊದಲ ದಿನ ಬಂದದ್ದೇ ಸ್ವಂತ ಟೇಬಲ್ ಫ್ಯಾನನ್ನು ಕಂಕುಳಲ್ಲಿ ಇರುಕಿಕೊಂಡು. ಡಾಕ್ಟರಮ್ಮನ ತಮ್ಮ. ಹೋದ ಕಡೆಯೆಲ್ಲ ಬಾಯಿಂದ ಕೆಲಸ ಕಳೆದುಕೊಂಡವನಿಗೆ ಅಕ್ಕ ಕಂಪ್ಯೂಟರಿನ ಉಸ್ತುವಾರಿ ವಹಿಸಿದ್ದರು. ಕಿವಿಯ ಮಿಷನ್ನುಗಳಿಗೆ ದನಿ ಹೊಂದಿಸುವ ಟೆಕ್ನೀಷಿಯನ್ ಅವನಿಗೆ ಕೋಣೆ ತೋರಿಸುತ್ತ, "ಸರ್, ಇದು ಯುಪಿಎಸ್, ಕರೆಂಟ್ ಹೋದ್ರೂ ಕಂಪ್ಯೂಟರ್..." ಎನ್ನುವಷ್ಟರಲ್ಲೇ ಅವನು, "ಗೊತ್ತಮ್ಮಾ, ಗೊತ್ತು" ಎಂದ. ಮಧ್ಯಾಹ್ನದೊಳಗೆ ಆ ಹೆಸರು ಅಂಟಿಕೊಂಡಿತು. ಅವನಿಗೆ ಗೊತ್ತಿಲ್ಲದ್ದು ಅದೊಂದೇ.

ಆ ಟೆಕ್ನೀಷಿಯನ್‌ಗೆ ಅವನನ್ನು ಕಂಡರೆ ಮೈಯುರಿ. ದಿನವಿಡೀ ಕಾಲು ಚಾಚಿ, ಗಾಳಿಗೆ ಮುಖವೊಡ್ಡಿ ಉಪದೇಶ ಕೊಡುವುದು, ನಡುನಡುವೆ ಚಹಾ ಹೀರುವುದು, ಇಷ್ಟೇ ಅವನ ಉಸ್ತುವಾರಿ.

ಒಂದು ದಿನ ಆಸ್ಪತ್ರೆ ತುಂಬಿರುವಾಗ ಕರೆಂಟು ಹೋಯಿತು. ಕಂಪ್ಯೂಟರು ಪಟ್ಟನೆ ಆರಿತು. ಫ್ಯಾನು ಮಾತ್ರ ತಿರುಗುತ್ತಲೇ ಇದ್ದು, ಗೊತ್ತಪ್ಪನ ನಾಲ್ಕು ಕೂದಲನ್ನು ಹಾರಿಸುತ್ತಿತ್ತು.

ಕರೆಂಟು ಬಂದ ಮೇಲೆ ಡೇಟಾಬೇಸ್ ತೆರೆಯಲಿಲ್ಲ. ಮೊಮ್ಮಕ್ಕಳ ಮಾತು ಕೇಳಿಸಬೇಕು, ಪಾತ್ರೆಯ ಸದ್ದು ಚುಚ್ಚಬಾರದು ಎಂದು ಅವಳು ವರ್ಷಗಟ್ಟಲೆ ಕುಳಿತು ಒಬ್ಬೊಬ್ಬರ ಕಿವಿಗೂ ಹೊಂದಿಸಿದ್ದ ಅಳತೆಗಳೆಲ್ಲ ಅದರಲ್ಲಿದ್ದವು.

"ಇನ್ನೊಂದು ಕಾಪಿ ಇದೆ ತಾನೆ?" ಎಂದರು ಡಾಕ್ಟರಮ್ಮ.

"ಗೊತ್ತಕ್ಕಾ, ಇದೆ."

ಇತ್ತು, ಅದೇ ಡಿಸ್ಕಿನಲ್ಲಿ. ಅದೂ ಕೆಟ್ಟಿತ್ತು. ಯಾರನ್ನೂ ಕೇಳದೆ ಅವನು ಉಳಿದಿದ್ದರ ಮೇಲೆ ರಿಪೇರಿ ಗುಂಡಿ ಒತ್ತಿದ. ಹೆಸರುಗಳು ಬಂದವು. ಅಳತೆಯ ಜಾಗದಲ್ಲೆಲ್ಲ ಸೊನ್ನೆ.

"ಈಕೆ ಪ್ರೋಗ್ರಾಮ್ ಮುಚ್ಚದೆ ಎದ್ದು ಹೋಗಿದ್ದಾಳೆ, ಅಕ್ಕಾ. ಇಂಥವರನ್ನ ಇಟ್ಕೊಂಡ್ರೆ ಇನ್ನೇನಾಗುತ್ತೆ? ಕಳಿಸಿಬಿಡು."

ಅವಳ ಮನೆ ನಡೆಯುತ್ತಿದ್ದದ್ದೇ ಅವಳ ಸಂಬಳದಿಂದ.

ಡಾಕ್ಟರಮ್ಮ ತಮ್ಮನನ್ನೇ ನೋಡಿದರು. "ಲೋ, ಕರೆಂಟ್ ಹೋದಾಗ ನಿನ್ನ ಫ್ಯಾನ್ ಹೇಗೋ ತಿರುಗ್ತಾ ಇತ್ತು?"

ಬಗ್ಗಿ ನೋಡಿದರೆ ಕಂಪ್ಯೂಟರಿನ ಪ್ಲಗ್ಗು ಗೋಡೆಯಲ್ಲಿತ್ತು, ಫ್ಯಾನಿನದು ಯುಪಿಎಸ್‌ನಲ್ಲಿ. ಗೊತ್ತಪ್ಪ ಮೆಲ್ಲನೆ ಫ್ಯಾನು ಆರಿಸಿದ.

"ಅವಳೆಲ್ಲೂ ಹೋಗಲ್ಲ," ಎಂದರು ಡಾಕ್ಟರಮ್ಮ. "ಎಲ್ಲರ ಅಳತೆಯೂ ಅವರವರ ಮಿಷನ್ನಿನೊಳಗೇ ಉಳಿದಿರುತ್ತೆ. ಒಬ್ಬೊಬ್ಬರನ್ನೇ ಕರೆಸಿ, ಕಿವಿಯಿಂದ ತೆಗೆಸಿ, ಕಂಪ್ಯೂಟರಿಗೆ ತುಂಬಿಸು. ನೀನೇ ಮಾಡ್ಬೇಕು."

ಈಗ ಅವನಿಗೆ ಅದೇ ಕೆಲಸ. ಮುದುಕರು ಬಂದು ಮಿಷನ್ ಬಿಚ್ಚಿ ಕೊಡುತ್ತಾರೆ. ಅವನು ಅದನ್ನು ವಯರಿಗೆ ಸಿಕ್ಕಿಸಿ, ಡೇಟಾಬೇಸ್ ಎಂದರೇನು, ಅದನ್ನು ಕಾಪಾಡುವುದು ಹೇಗೆ ಎಂದು ಒಂದೇ ಸಮನೆ ಕೊರೆಯುತ್ತಾನೆ. ಅವರು ಅವನ ಬಾಯಿಯನ್ನೇ ನೋಡುತ್ತ ಮರ್ಯಾದೆಗೆ ತಲೆಯಾಡಿಸುತ್ತಾರೆ. ಇಷ್ಟು ಒಳ್ಳೆಯ ಕೇಳುಗರು ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಮೊನ್ನೆ ಒಬ್ಬ ಅಜ್ಜಿ ಮಿಷನ್ ಮರಳಿ ಹಾಕಿಕೊಂಡು, ಅರೆಗಳಿಗೆ ಅವನ ಮಾತು ಕೇಳಿ, ತಟ್ಟನೆ ಕಿತ್ತು ಟೆಕ್ನೀಷಿಯನ್ ಕೈಗಿಟ್ಟಳು.

"ಇದೇನೋ ಕೆಟ್ಟಿದೆ ಕಣಮ್ಮ, ಬರೀ ಗೊರಗೊರ ಅಂತದೆ."

ಅವಳು ಅದನ್ನು ತನ್ನ ಕಿವಿಯ ಹತ್ತಿರ ಹಿಡಿದು ನೋಡಿದಳು. ಆಮೇಲೆ ಅಜ್ಜಿಯನ್ನು ಕೈಹಿಡಿದು ಬಾಗಿಲಾಚೆ ಕರೆದೊಯ್ದು, ಅಲ್ಲಿ ಹಾಕಿಕೊಟ್ಟಳು.

"ಈಗ ಹೇಗಿದೆ ಅಜ್ಜಿ?"

"ಈಗ ಸರಿಯಾಯ್ತು ನೋಡು."