ಕನ್ನಡಿ ಮೇಸ್ತ್ರಿಯ ಹೆಬ್ಬೆರಳು

ಕನ್ನಡಿ ಮಾಡುವ ಮೇಸ್ತ್ರಿಯ ಮನೆಯಲ್ಲೇ ಕನ್ನಡಿ ಇರಲಿಲ್ಲ. ಮೂವತ್ತೊಂದು ವರ್ಷ ಅವನ ಹೆಂಡತಿ ತಲೆ ಬಾಚಿದ್ದು ಅಂಗೈಯಗಲದ ಚೂರೊಂದನ್ನು ಕಿಟಕಿಗೆ ಒರಗಿಸಿಕೊಂಡು. ಎಡಗೆನ್ನೆ ಕಂಡರೆ ಬಲಗೆನ್ನೆ ಕಾಣದು.

ಕಾರಣ ಮೇಸ್ತ್ರಿಯ ಜಂಬ. ಕಾರ್ಖಾನೆಯ ಯಜಮಾನ ಕೆಲಸದವರಿಗೆ ಮನೆಗೆಂದು ಕೊಡುತ್ತಿದ್ದುದು ಕೆಟ್ಟುಹೋದ ಕನ್ನಡಿಗಳನ್ನು ಮಾತ್ರ. ಇವನ ಕೈಯಲ್ಲಿ ಒಂದೂ ಕೆಡುತ್ತಿರಲಿಲ್ಲ. ಅಂಗಡಿಯಿಂದ ತರೋಣವೆಂದರೆ, ಬೇರೆಯವರು ಮಾಡಿದ್ದರ ಮುಂದೆ ನಿಂತು ಮುಖ ನೋಡಿಕೊಳ್ಳುವ ಬದಲು ಕಲೆ ಹುಡುಕುತ್ತಿದ್ದ.

ಅವನ ಪರೀಕ್ಷೆ ಒಂದೇ. ಗಾಜನ್ನು ಕನ್ನಡಿಯಾಗಿಸುವ ಬೆಳ್ಳಿಯ ದ್ರಾವಣ ಹುಯ್ಯುವ ಮೊದಲು ತೊಳೆದ ಗಾಜನ್ನು ಓರೆಯಾಗಿ ನಿಲ್ಲಿಸಿ ಮೇಲಿಂದ ನೀರು ಬಿಡುವುದು. ನೀರಿನ ಕಣಗಳು ಒಂದನ್ನೊಂದು ಎಳೆದು ಹಿಡಿದುಕೊಂಡಿರುತ್ತವೆ. ಗಾಜು ಶುಚಿಯಾಗಿದ್ದರೆ ಅದರ ಸೆಳೆತ ಇನ್ನೂ ಹೆಚ್ಚು. ನೀರು ಹರಡಿ ಒಂದೇ ಪದರವಾಗಿ ಇಳಿಯುತ್ತದೆ. ಎಲ್ಲಾದರೂ ಬೆರಳಿನ ಜಿಡ್ಡಿತ್ತೋ, ಅಲ್ಲಿ ಗಾಜಿನ ಹಿಡಿತ ತಪ್ಪಿ ನೀರು ಮುದುಡಿ ಹನಿಗಟ್ಟುತ್ತದೆ. ಅಂಥ ಕಡೆ ಬೆಳ್ಳಿಯೂ ಹಿಡಿಯದು. ಆಗ ಮೇಸ್ತ್ರಿಯ ಗಂಟಲು ಬೀದಿಯ ಕೊನೆಗೂ ಕೇಳುತ್ತಿತ್ತು: "ಯಾರಪ್ಪಾ ಇಲ್ಲಿ ಕೈ ಇಟ್ಟ ಮಹಾನುಭಾವ?"

ಮನೆಯ ಲೋಟಗಳಿಗೂ ಇದೇ ವಿಚಾರಣೆ. "ನಾನು ಇದಕ್ಕೆ ಹುಯ್ಯೋದು ಟೀ, ಬೆಳ್ಳಿ ಅಲ್ಲ. ಸುಮ್ನೆ ಕುಡೀರಿ" ಎನ್ನುತ್ತಿದ್ದಳು ಹೆಂಡತಿ.

ಅವನ ಕೆಲಸದ ಕೊನೆಯ ದಿನ ಬೆಳಿಗ್ಗೆ ಅವಳು ಕೇಳಿದಳು: "ಇನ್ಮೇಲೆ ನೀವು ಕನ್ನಡಿನೇ ಮಾಡಲ್ಲ. ನನ್ನ ಮುಖ ನಾನು ಪೂರ್ತಿ ನೋಡ್ಕೊಳ್ಳೋದು ಯಾವಾಗ?" ನಗುತ್ತಲೇ ಕೇಳಿದ್ದಳು. ಅವನಿಗೆ ಮಾತ್ರ ದಾರಿಯುದ್ದಕ್ಕೂ ನಾಚಿಕೆಯಾಯಿತು.

ಸಂಜೆಯ ಕೊನೆಯ ಗಾಜು ಆಳೆತ್ತರದ್ದು. ತೊಳೆದು ನೀರು ಬಿಟ್ಟ. ಒಂದು ಹನಿಯೂ ನಿಲ್ಲಲಿಲ್ಲ. ಮೇಸ್ತ್ರಿ ಅತ್ತಿತ್ತ ನೋಡಿ, ಹಳೆಯ ಗಾಯದ ಗೆರೆಯಿದ್ದ ಹೆಬ್ಬೆರಳನ್ನು ಮೂಗಿನ ಪಕ್ಕದ ಜಿಡ್ಡಿಗೆ ಚೆನ್ನಾಗಿ ಉಜ್ಜಿ ಕೆಳಮೂಲೆಗೆ ಒತ್ತಿದ. ಇಷ್ಟು ವರ್ಷದ ಹೆಸರಿಗೆ ತಾನೇ ಮಸಿ ಬಳಿದಿದ್ದ. ಮತ್ತೆ ನೀರು ಬಿಟ್ಟ. ಮೂಲೆಯಲ್ಲಿ ಹನಿ ಠೀವಿಯಿಂದ ಎದ್ದು ಕೂತಿತು.

"ಮೇಸ್ತ್ರೀ, ಹನಿ!" ಎಂದು ಜೊತೆಗಾರ ಗಾಬರಿಯಾದ.

"ನಂಗೂ ಕಣ್ಣಿದೆ. ನೀನು ಹುಯ್ಯಿ."

ಬೆಳ್ಳಿ ಆ ಮೂಲೆಯೊಂದನ್ನು ಬಿಟ್ಟು ಎಲ್ಲ ಕಡೆ ಹಿಡಿಯಿತು. ಯಜಮಾನ ಕಲೆ ನೋಡಿ, ಮೇಸ್ತ್ರಿಯ ಮುಖವನ್ನೂ ನೋಡಿ, "ಕೊನೆಗೂ ಒಂದು ಕೆಡಿಸಿದೆಯಲ್ಲ, ತಗೊಂಡು ಹೋಗು" ಎಂದ.

ಹೆಂಡತಿ ಬಹಳ ಹೊತ್ತು ಅದರ ಮುಂದೆ ನಿಂತಳು. ಆಮೇಲೆ ಬಗ್ಗಿ ಮೂಲೆಯ ಕಲೆ ನೋಡಿದಳು. ಬೆಳ್ಳಿ ಹಿಡಿಯದ ಹೆಬ್ಬೆಟ್ಟು. ಅದರ ನಡುವೆ ಗಾಯದ ಗೆರೆ. ಗಂಡನ ಕೈ ಎಳೆದು ಬೆರಳನ್ನು ಪಕ್ಕಕ್ಕಿಟ್ಟು ಹೋಲಿಸಿದಳು.

"ಒಂದು ಬೆರಳು ಒತ್ತೋಕೆ ಮೂವತ್ತೊಂದು ವರ್ಷ ಬೇಕಾಯ್ತಾ ನಿಮ್ಗೆ?"

ಅವಳು ಕಣ್ಣೊರೆಸಿಕೊಂಡು ಮತ್ತೆ ಕನ್ನಡಿಯತ್ತ ತಿರುಗಿ ಎರಡು ಕೆನ್ನೆಗಳನ್ನೂ ಒಟ್ಟಿಗೆ ನೋಡಿಕೊಂಡಳು.