ಶಾಂತವ್ವನ ನಾಲ್ಕು ಹಾಳೆ

ಕಿರ್ರ್... ಕಿರ್ರ್... ಜೋರಾಪುರ ಪೇಟೆಯ ನಮ್ಮ ಮನೆಯೆದುರಿನ ಬಾವಿಯ ರಾಟೆ. ಬೆಳಗಿನ ಐದಕ್ಕೇ ಶುರು. ಚಿಕ್ಕಂದಿನಲ್ಲಿ ನನಗೆ ಅದೇ ಅಲಾರಂ.

ಕಳೆದ ವಾರ ಆ ಸದ್ದು ಮತ್ತೆ ಕೇಳಿಸಿತು. ಎಲ್ಲಿ ಅಂತೀರಿ? ಒಂದು ಹೈಸ್ಕೂಲಿನ ಏಸಿ ಹಾಲ್‌ನಲ್ಲಿ. ‘ಅಡ್ವಾನ್ಸ್ಡ್ ಸ್ಟೂಡೆಂಟ್ ರಿಸರ್ಚ್ ಕೋರ್ಸ್’ ಉದ್ಘಾಟನೆಗೆ ನನ್ನನ್ನು ಕರೆದಿದ್ದರು. ಸೂಟು ತೊಟ್ಟ ಸರ್, ಮಕ್ಕಳಲ್ಲಿ ಪ್ರಶ್ನಿಸುವ ಮನೋಭಾವ ಬೆಳೆಯಬೇಕು ಎಂದು ಒಂದು ತಾಸು ಮಾತಾಡಿದರು. ನಡುವೆ ಒಬ್ಬ ಹುಡುಗಿ ಪ್ರಶ್ನೆ ಕೇಳಲು ಕೈ ಎತ್ತಿದಳು. ಲಾಸ್ಟ್‌ಗೆ ಕೇಳು ಎಂದು ಕೂಡಿಸಿದರು. (ಲಾಸ್ಟ್‌ಗೆ ಉಪ್ಪಿಟ್ಟು ಬಂತು.)

ವಿಷಯಗಳ ಪಟ್ಟಿಯನ್ನು ಮೊದಲೇ ಪ್ರಿಂಟ್ ಮಾಡಿಸಿದ್ದರು. ನಾಲ್ಕನೆಯದು ‘ನಮ್ಮ ನಗರದ ಪಾರಂಪರಿಕ ಬಾವಿಗಳು’. “ಜಿಲ್ಲಾದಾಗ ಇದು ಫಸ್ಟ್ ಟೈಮ್ ನೋಡ್ರಿ ಮೇಡಂ,” ಅಂದರು ಸರ್.

ಫಸ್ಟ್ ಟೈಮ್? ನಾನು ನಕ್ಕೆ. ಅವರು ಆಶೀರ್ವಾದ ಅಂದುಕೊಂಡರು.

ಅರವತ್ತರ ದಶಕದ ಆರಂಭ. ಬೆಳಗಾವಿಯ ಕಾನ್ವೆಂಟ್ ಬಿಟ್ಟು ಬಂದು ನಾನು ಇಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲು ಸೇರಿದ್ದೆ. ಆ ವರ್ಷ ಬಬಲೇಶ್ವರದಿಂದ ಸುಮಿತ್ರಾ ಅಕ್ಕೋರು ಎಂಬ ಹೊಸ ಟೀಚರ್ ಬಂದರು. ಬಂದವರೇ ನನ್ನನ್ನೂ ಸೇರಿಸಿ ಮ್ಯಾಟ್ರಿಕ್‌ನ ಆರು ಹುಡುಗಿಯರನ್ನು ಆರಿಸಿ ಶನಿವಾರದ ರಿಸರ್ಚ್ ಕ್ಲಾಸ್ ತೆರೆದರು. ವಿಷಯ: ನಮ್ಮೂರ ನೀರು. ನಿಯಮ ಒಂದೇ. “ಪುಸ್ತಕ ನೋಡಬ್ಯಾಡ್ರಿ, ಮಂದೀನ ನೋಡ್ರಿ.”

ನಾನೇನು ಮಾಡಿದೆ? ಅಪ್ಪನ ಕಪಾಟಿನ ದಪ್ಪ ಪುಸ್ತಕದಿಂದ ಆದಿಲ್‌ಶಾಹಿ ಬಾವಿಗಳ ಉದ್ದಗಲ ಇಳಿಸಿಕೊಂಡೆ. ಹುಟ್ಟಿದಾಗಿನಿಂದ ಒಂದು ಕೊಡ ನೀರು ಸೇದಿದವಳಲ್ಲ. ಆದರೂ ರಿಸರ್ಚರ್!

ಶಾಂತವ್ವ ನಿಯಮ ಪಾಲಿಸಿದಳು. ಟಿಕೋಟದ ಹುಡುಗಿ. ಮನೆಯವರು ಆಗಷ್ಟೇ ಬೌದ್ಧರಾಗಿದ್ದರು. ಇಬ್ರಾಹಿಂಪುರದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಆ ಮಾವನ ಹೆಂಡತಿ, ಅವಳ ಅತ್ತಿ, ನಮ್ಮ ಪೇಟೆಯ ದಲ್ಲಾಳಿಗಳ ಅಡತಿ ಅಂಗಡಿಗಳಲ್ಲಿ ಕಾಳು ಹಸನು ಮಾಡಲು ಬರುತ್ತಿದ್ದಳು. ಶಾಂತವ್ವ ಮೂರು ದಿನ ನಮ್ಮ ಬಾವಿಯ ಎದುರು ಕುಳಿತು ನಾಲ್ಕು ಹಾಳೆ ಬರೆದಳು. ಯಾರು ತಾವೇ ಸೇದುತ್ತಾರೆ, ಯಾರು ಬಾವಿ ಮುಟ್ಟುವಂತಿಲ್ಲದೆ ಕೊಡ ಕೆಳಗಿಟ್ಟು, ಮೇಲಿನಿಂದ ಸುರಿಯುವವರಿಗಾಗಿ ಕಾಯುತ್ತಾರೆ. ಗಡಿಯಾರ ಇರಲಿಲ್ಲ. ‘ಬೇವಿನ ಗಿಡದ ನೆರಳು ಮೂರು ಮೆಟ್ಟಿಲು ಇಳಿಯುವವರೆಗೆ ಯಾರೂ ನೀರು ಹಾಕಲಿಲ್ಲ. ಕಡೆಗೆ ಬಿಳಿ ಸೀರೆಯ ಒಬ್ಬರು ಬಂದು, ಪೂಜೆ ಆಗಲಿ ಎಂದು ಒಳಗೆ ಹೋದರು. ಆ ದಿನ ಕಾಯುತ್ತಿದ್ದವಳು ನಮ್ಮ ಅತ್ತಿ.’

ಬಿಳಿ ಸೀರೆಯವರು ನನ್ನ ಅಜ್ಜಿ. ಹೆಸರು ಬರೆದಿರಲಿಲ್ಲ. ಅಷ್ಟು ಮರ್ಯಾದೆ ಆ ಹುಡುಗಿಗಿತ್ತು.

ಶಾಲೆಗಳ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಯಾರ ಬರಹ ಮೆಚ್ಚುತ್ತಾರೋ ಆಕೆಗೆ ಧಾರವಾಡದ ಕಾಲೇಜು ಹಾಸ್ಟೆಲ್‌ಗೆ ಶಿಫಾರಸು. ನನಗೆ ಅದು ಬೇಕಿರಲಿಲ್ಲ, ಅಪ್ಪ ಎಲ್ಲ ಗೊತ್ತು ಮಾಡಿದ್ದರು. ಶಾಂತವ್ವನಿಗೆ ಅದೊಂದೇ ದಾರಿ. ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಟಿಕೋಟಕ್ಕೆ ವಾಪಸ್ ಎಂದು ಅವಳಪ್ಪ ಹೇಳಿಬಿಟ್ಟಿದ್ದ.

ಸಾಹೇಬರಿಗೆ ಇಂಗ್ಲಿಷೇ ಆಗಬೇಕು. (ಕನ್ನಡದಲ್ಲಿದ್ದರೆ ಅದು ರಿಸರ್ಚ್ ಹೇಗಾದೀತು?) ಕಾನ್ವೆಂಟ್ ಅಕ್ಷರದವಳು ನಾನೊಬ್ಬಳೇ. ಹೀಗಾಗಿ ಆರೂ ಬರಹಗಳನ್ನು ಇಂಗ್ಲಿಷಿಗೆ ಇಳಿಸಿ ಒಂದೇ ಪುಸ್ತಕದಲ್ಲಿ ಫೇರ್ ಕಾಪಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹೆಡ್‌ಮಿಸ್ಟ್ರೆಸ್ ನನ್ನನ್ನು ಒಳಗೆ ಕರೆದರು. ಬೈಯಲಿಲ್ಲ, ಹೆದರಿಸಲಿಲ್ಲ.

“ನಿಮ್ಮ ಮನಿ ಮುಂದಿನ ಬಾವಿ ಐತೆವ್ವಾ. ನಿಮ್ಮ ಅಪ್ಪಾರು ಸಾಲಿ ಕಮಿಟ್ಯಾಗ ಅದಾರ. ತಿಳದು ಬರಿ.”

ತಿಳಿದೇ ಬರೆದೆ. ನಾಲ್ಕು ಹಾಳೆಯನ್ನು ಒಂದು ಸಾಲು ಮಾಡಿದೆ: ಈ ಬಾವಿಯ ನೀರು ಸಿಹಿಯಾಗಿದೆ. ಕೆಳಗೆ ಶಾಂತವ್ವನ ಹೆಸರು, ದುಂಡಗೆ, ಬಳ್ಳಿ ಬಳ್ಳಿಯಾಗಿ.

ಸಾಹೇಬರು ಪುಟ ತಿರುವಿ, ವಾಟ್ ಎ ಬ್ಯೂಟಿಫುಲ್ ಹ್ಯಾಂಡ್ ಅಂದರು. ಆ ಒಂದು ಸಾಲು ತೋರಿಸಿ, ಈ ಹುಡುಗಿ ಇನ್ನಷ್ಟು ಶ್ರಮ ಪಡಬೇಕು ಎಂದು ಉಪದೇಶಿಸಿದರು. ಶಾಂತವ್ವ ಎದ್ದು ನಿಂತು ಕೇಳಿಸಿಕೊಂಡಳು. ಸುಮಿತ್ರಾ ಅಕ್ಕೋರು ಆ ಫೇರ್ ಕಾಪಿ ಪುಸ್ತಕ ಎಳೆದುಕೊಂಡು ನೋಡಿ, ನಂತರ ನನ್ನನ್ನು ನೋಡಿದರು. ಬಾಯಿ ತೆರೆಯುವಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಸಾಹೇಬರಿಗೆ ಚಹಾ ತರಿಸಿದರು. ಶಿಫಾರಸು ನನಗೆ ಸಿಕ್ಕಿತು. ಮುಂದಿನ ವರ್ಷ ಅಕ್ಕೋರೂ ಇರಲಿಲ್ಲ, ಕ್ಲಾಸೂ ಇರಲಿಲ್ಲ.

ಇದು ನಮ್ಮ ಜಿಲ್ಲೆಯ ಮೊದಲ ರಿಸರ್ಚ್ ಕೋರ್ಸಿನ ಚರಿತ್ರೆ. ಮೊನ್ನೆಯ ಸರ್‌ಗೆ ಹೇಳಿದ್ದರೆ ಒಂದು ಸ್ಲೈಡ್ ಮಾಡಿಕೊಳ್ಳುತ್ತಿದ್ದರೇನೋ. ಆ ಕೈ ಎತ್ತಿದ ಹುಡುಗಿಗಾದರೂ ನಾನು ಮೈಕು ಕೊಡಬಹುದಿತ್ತು. ಕೊಟ್ಟೆನೇ? ಶಾಲು ಹೊದಿಸಿಕೊಳ್ಳುತ್ತಿದ್ದೆ.

ಶಾಂತವ್ವನನ್ನು ಕೊನೆಯ ಸಲ ನೋಡಿದ್ದು ಬಸ್ ಸ್ಟ್ಯಾಂಡಿನಲ್ಲಿ. ಪರೀಕ್ಷೆ ಮುಗಿದಿತ್ತು. ಟಿಕೋಟದ ಬಸ್ಸಿನ ಮೇಲೆ ಅವಳ ಟ್ರಂಕು ಏರಿಯಾಗಿತ್ತು. ಹೇಳಬೇಕಾದ್ದು ಬಿಟ್ಟು, ಕಾಗದ ಬರಿ ಅಂದುಬಿಟ್ಟೆ. ಅವಳು ಕಿಟಕಿಯಿಂದ ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ.

“ಬರದ್ರ, ಪೂರಾ ಓದ್ತೀಯೇನು ಬೇ?”