ರೀನೊ ಗ್ರೆಕ್ ಬರದ ಮಂಗಳವಾರ

ಆಗಸ್ಟ್ ತಿಂಗಳ ಒಂದು ಮಂಗಳವಾರ, ಕಬ್ಬು ನುರಿಸುವ ಹಂಗಾಮು ಭರದಿಂದ ನಡೆಯುತ್ತಿದ್ದಾಗ, ರೀನೊ ಗ್ರೆಕ್ ಕೆಲಸಕ್ಕೆ ಹೋಗಲಿಲ್ಲ.

ಮೆಕಾಯ್ ಪಟ್ಟಣದ ಸುತ್ತಮುತ್ತಲಿನ ಕಬ್ಬಿನ ಊರುಗಳಲ್ಲಿ ಒಬ್ಬ ಮನುಷ್ಯ ಒಂದು ದಿನ ಚಕ್ಕರ್ ಹೊಡೆಯುವುದು ಸುದ್ದಿಯೇ ಅಲ್ಲ. ಬೆಳಗ್ಗೆ ಐದೂವರೆಗೆ ಸಕ್ಕರೆ ಕಾರ್ಖಾನೆಯ ಆಫೀಸಿಗೆ ಫೋನ್ ಮಾಡಿ, ಗಂಟಲು ಕಟ್ಟಿದವರ ಹಾಗೆ ನಾಲ್ಕು ಮಾತು ಆಡಿದರೆ ಆಯಿತು. ನಾಯಿಗೆ ಹಾವು ಕಚ್ಚಿತು, ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಳು, ಹಿತ್ತಲ ಬಾಗಿಲಲ್ಲಿ ಕಾಡುಹಂದಿ ನಿಂತಿದೆ. ಶಿಫ್ಟ್ ಮೇಲ್ವಿಚಾರಕ ಕೀತ್ ಪರ್ಡಿ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಆ ಪುಸ್ತಕದಲ್ಲಿ ಇಪ್ಪತ್ತಾರು ಹಂಗಾಮುಗಳಿಂದ ಒಮ್ಮೆಯೂ ಬಾರದಿದ್ದ ಹೆಸರೆಂದರೆ ರೀನೊನದು.

ಹಾಗಂತ ಅವನೇನು ಸಂತನಲ್ಲ. ಕಬ್ಬಿನ ರೈಲು ಓಡಿಸುವವನು. ಅವನಪ್ಪ ಮಾಲ್ಟಾ ದ್ವೀಪದಿಂದ ಕಬ್ಬು ಕಡಿಯಲು ಬಂದು ಇಲ್ಲೇ ಮಣ್ಣಾದವನು. ಅಪ್ಪನನ್ನು ಹೂಳಿದ ಮಾರನೆಯ ಬೆಳಗ್ಗೆಯೂ ರೀನೊ ಎಂಜಿನ್ ಹತ್ತಿದ್ದ. ಹಲ್ಲು ಕೀಳಿಸಿಕೊಂಡ ದಿನ ಬಾಯಲ್ಲಿ ಹತ್ತಿ ತುಂಬಿಕೊಂಡು ಹೋಗಿದ್ದ. ಯಾಕೆಂದು ಕೇಳಿದರೆ, "ಬೆಳಗ್ಗೆ ಎದ್ದರೆ ಕಾಲು ತಾನಾಗೇ ಆ ಕಡೆ ಹೋಗುತ್ತೆ" ಅನ್ನುತ್ತಿದ್ದ. ಅದರಲ್ಲಿ ಹೆಮ್ಮೆಪಡುವಂಥದ್ದು ಏನಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಆ ಮಂಗಳವಾರವೂ ನಾಲ್ಕೂವರೆಗೆ ಎದ್ದ. ಚಹಾ ಕುಡಿದ. ಹೆಂಡತಿ ಡೋರಿಸ್ ಹಿಂದಿನ ಸಂಜೆಯೇ ಕಟ್ಟಿಟ್ಟಿದ್ದ ಊಟದ ಡಬ್ಬಿ ತೆಗೆದುಕೊಂಡು ಪಿಕಪ್ ಗಾಡಿ ಹತ್ತಿದ. ಕಾರ್ಖಾನೆಗೆ ತಿರುಗುವ ಕೂಡುರಸ್ತೆಯಲ್ಲಿ ಬಲಕ್ಕೆ ಹೋಗುವ ದೀಪವನ್ನೂ ಹಾಕಿದ. ಆಮೇಲೆ, ಆ ದೀಪ ಟಿಕ್ ಟಿಕ್ ಅನ್ನುತ್ತಿರುವಾಗಲೇ, ನೆಟ್ಟಗೆ ಹೋಗಿಬಿಟ್ಟ.

ಮುಂದಿನ ತಿರುವಿನಲ್ಲಿ ವಾಪಸ್ ಬಂದರಾಯಿತು ಅಂದುಕೊಂಡ. ಆ ತಿರುವು ಬಂತು, ಹೋಯಿತು. ಕಬ್ಬಿನ ಗದ್ದೆಗಳು ಮುಗಿದು ಸಮುದ್ರ ಕಂಡಾಗಲೇ ಗಾಡಿ ನಿಲ್ಲಿಸಿದ್ದು. ಡೋರಿಸಳ ಡಬ್ಬಿ ಪಕ್ಕದಲ್ಲೇ ಇದ್ದರೂ ಅಂಗಡಿಯಲ್ಲಿ ಮಾಂಸದ ಕಡುಬು ಕೊಂಡು ತಿಂದ. ಒಂಬತ್ತರ ಹೊತ್ತಿಗೆ, ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಆಟದ ಕ್ಲಬ್ಬಿನ ಬೇಲಿಗೆ ಒರಗಿ ನಿಂತಿದ್ದ. ಒಳಗೆ ಬಿಳಿ ಬಟ್ಟೆ, ಬಿಳಿ ಟೋಪಿಯ ವಯಸ್ಸಾದ ಹೆಂಗಸರು ಗುಂಪು ಕೂಡುತ್ತಿದ್ದರು.

ಅವರಲ್ಲೊಬ್ಬಳು, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡವಳು, ಬೇಲಿಯ ಹತ್ತಿರ ಬಂದಳು. "ಏನಪ್ಪಾ, ಸುಮ್ನೆ ನಿಂತಿದೀಯಲ್ಲ. ಸ್ಕೋರ್ ಬರೆಯೋಕೆ ಬರುತ್ತಾ ನಿಂಗೆ? ನಮ್ಮ ಐವಿಗೆ ಮಂಡಿನೋವು, ಬಂದಿಲ್ಲ."

"ಬರುತ್ತೆ ಅನ್ಸುತ್ತೆ" ಅಂದ ರೀನೊ.

ಮಧ್ಯಾಹ್ನ ಎರಡರವರೆಗೂ ಅವನು ಸೀಮೆಸುಣ್ಣ ಹಿಡಿದು ಕಪ್ಪು ಹಲಗೆಯ ಮೇಲೆ ಅಂಕಿ ಬರೆದ. ಹೊರಡುವಾಗ ಅವರು ಉಳಿದ ಅರ್ಧ ಕೇಕನ್ನು ಕಾಗದದಲ್ಲಿ ಸುತ್ತಿ ಕೊಟ್ಟರು.

ಇತ್ತ ಬೆಳಗ್ಗೆಯಿಂದ ದೊಡ್ಡ ಗಲಾಟೆಯೇ ಆಗಿತ್ತು. ರೀನೊ ಬಾರದೆ ಕಬ್ಬು ತುಂಬಿದ ಬೋಗಿಗಳು ಹೊಲದ ಬದಿಯಲ್ಲೇ ನಿಂತವು. ಕಬ್ಬಿಲ್ಲದೆ ಗಾಣಗಳು ಒಂದೂವರೆ ಗಂಟೆ ಬರಿದೇ ತಿರುಗಿದವು. ಕೊನೆಗೆ ಕೀತ್ ತಾನೇ ಎಂಜಿನ್ ಹತ್ತಿದ. ಅದಕ್ಕೂ ಮುಂಚೆ ಡೋರಿಸಳಿಗೆ ಫೋನ್ ಮಾಡಿದ್ದ. ಡೋರಿಸ್ ಆಸ್ಪತ್ರೆಗೆ, ಪೊಲೀಸರಿಗೆ, ನಾದಿನಿಯರಿಗೆ, ಎಲ್ಲರಿಗೂ ಫೋನ್ ಮಾಡಿ ಅಳುತ್ತ ಕೂತಿದ್ದಳು. ನಾಲ್ಕು ಗಂಟೆಗೆ, ದಿನವೂ ಬರುವ ಹೊತ್ತಿಗೆ ಸರಿಯಾಗಿ, ಗಂಡ ಕೇಕಿನ ಪೊಟ್ಟಣ ಹಿಡಿದು ಒಳಗೆ ಬಂದ.

"ಎಲ್ಲಿ ಹೋಗಿದ್ದೆ?"

"ಸಮುದ್ರದ ಕಡೆ. ಬೌಲ್ಸ್ ಆಡೋ ಹೆಂಗಸ್ರಿಗೆ ಸ್ಕೋರ್ ಬರೀತಿದ್ದೆ."

"ಯಾವ ಹೆಂಗಸ್ರು?"

"ಗೊತ್ತಿಲ್ಲ. ಒಬ್ಬಳ ಹೆಸರು ಮರ್ಲ್."

"ಯಾಕೆ ಹೋದೆ?"

ರೀನೊ ಬಾಯಿ ತೆರೆದ. ಹೇಳಬೇಕೆಂದರೆ ಒಳಗೆ ಏನೂ ಸಿಗಲಿಲ್ಲ. ಕಪಾಟಿನಲ್ಲಿ ಇಟ್ಟೇ ಇರುತ್ತದೆ ಎಂದು ಕೈ ಹಾಕಿದಾಗ ಖಾಲಿ ಹಲಗೆ ತಾಕಿದ ಹಾಗಾಯಿತು. "ಗೊತ್ತಾಗ್ತಿಲ್ಲ ಡೋರಿಸ್" ಅಂದ.

ಮರುದಿನ ಕೀತ್ ಅವನನ್ನು ಆಫೀಸಿಗೆ ಕರೆದ. ಕೀತ್ ಅವನಿಗಿಂತ ಹದಿನೈದು ವರ್ಷ ಚಿಕ್ಕವನು. ಎಂಜಿನ್ ಓಡಿಸುವುದನ್ನು ರೀನೊ ಹತ್ತಿರವೇ ಕಲಿತವನು. ಮೇಜಿನ ಮೇಲೆ ಒಂದು ಅರ್ಜಿ ಇತ್ತು. ಕಾಯಿಲೆ, ಮನೆಯವರ ಕಾಯಿಲೆ, ಸಾವು, ಇತರೆ ಎಂದು ಚೌಕಗಳು.

"ಗೀಚು ಒಂದು, ಮುಗಿಸೋಣ" ಅಂದ ಕೀತ್.

ರೀನೊ 'ಇತರೆ' ಚೌಕಕ್ಕೆ ಗುರುತು ಹಾಕಿ, ಮುಂದಿನ ಗೆರೆಯ ಮೇಲೆ 'ಬರಲಿಲ್ಲ' ಎಂದು ಬರೆದ.

"ಬರಲಿಲ್ಲ ಅನ್ನೋದು ನಂಗೂ ಗೊತ್ತು ಮಾರಾಯ! ನಿನ್ನ ರೈಲು ನಾನೇ ಓಡಿಸಿದ್ದು. ಯಾಕೆ ಬರಲಿಲ್ಲ?"

"ಕಾರಣ ಇಲ್ಲ ಕೀತ್. ಇದ್ರೆ ನಿಂಗೆ ಹೇಳ್ತಿರ್ಲಿಲ್ವಾ?"

"ಹೊಟ್ಟೆ ಕೆಟ್ಟಿತ್ತು ಅಂತ ಬರಿ. ಯಾರೂ ನಿನ್ನ ಹೊಟ್ಟೆ ನೋಡೋಕೆ ಬರಲ್ಲ."

"ಕೆಟ್ಟಿರ್ಲಿಲ್ವಲ್ಲ. ಕಡುಬು ತಿಂದೆ."

ಕೀತ್ ಹಣೆ ಒತ್ತಿಕೊಂಡ. ಕಾರಣವಿಲ್ಲದೆ ಬಾರದಿದ್ದವನಿಗೆ ಎಚ್ಚರಿಕೆಯ ಪತ್ರ ಕೊಡಲೇಬೇಕಿತ್ತು. ವಾರಕ್ಕೊಂದು ಸುಳ್ಳು ಹೇಳುವವರಿಗೆ ಬಾರದ ಪತ್ರ ಇಪ್ಪತ್ತಾರು ಹಂಗಾಮು ತಪ್ಪದೆ ಬಂದವನಿಗೆ ಬಂತು. ರೀನೊ ಅದನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ಅವಮಾನವಾಯಿತೇ ಎಂದು ತನ್ನನ್ನೇ ಕೇಳಿಕೊಂಡರೆ, ಅದೂ ಸ್ಪಷ್ಟವಾಗಲಿಲ್ಲ.

ಎಂಜಿನ್ನಿನಲ್ಲಿ ಅವನ ಜೊತೆಗಾರ ಟ್ರೆವ್ ಡನ್‌ಸ್ಟನ್. ಚಕ್ಕರ್ ಹೊಡೆಯುವುದರಲ್ಲಿ ಕಾರ್ಖಾನೆಗೇ ಹೆಸರಾದವನು. ಒಮ್ಮೆ, ದೋಣಿ ದಡಕ್ಕೆ ತರುವ ಜಾಗದಲ್ಲಿ ಮೊಸಳೆ ಮಲಗಿದೆ, ನಾನು ಇಳಿಯಲಾಗದೆ ದೋಣಿಯಲ್ಲೇ ಇದ್ದೇನೆ ಎಂದು ಹೇಳಿ ಕಳಿಸಿದ್ದ. ರೀನೊನ ಪತ್ರ ನೋಡಿ ಅವನಿಗೆ ನಿಜಕ್ಕೂ ಸಂಕಟವಾಯಿತು.

"ಲೋ ರೀನೊ, ನನ್ನನ್ನಾದ್ರೂ ಒಂದು ಮಾತು ಕೇಳಬಾರದಿತ್ತಾ? ಯಾರಿಗೂ ಕೊಡದೇ ಇಟ್ಕೊಂಡಿದ್ದ ಒಳ್ಳೇದೊಂದು ಇತ್ತು. ಜೇನ್ನೊಣ. ಗಾಡಿ ಒಳಗೆ ಗೂಡು ಕಟ್ಟಿದಾವೆ ಅಂತ. ಕೀತಿಗೆ ಜೇನು ಅಂದ್ರೆ ಹೆದರಿಕೆ, ನೋಡೋಕೂ ಬರಲ್ಲ."

"ಜೇನು ಇರ್ಲಿಲ್ಲ ಟ್ರೆವ್."

"ಇರಲ್ಲ ಕಣೋ! ಅದಕ್ಕೇ ಅದನ್ನ ನೆಪ ಅನ್ನೋದು."

ಜನ ಸುಮ್ಮನಿರಲಿಲ್ಲ. ರೀನೊನಂಥವನು ಕಾರಣವಿಲ್ಲದೆ ತಪ್ಪಿಸಿಕೊಳ್ಳುವುದುಂಟೇ? ವಾರದೊಳಗೆ ಅವನಿಗೆ ಕ್ಯಾನ್ಸರ್ ಎಂದಾಯಿತು. ಪಕ್ಕದ ಮನೆಯವಳು ಕೋಳಿ ಬೇಯಿಸಿದ ಪಾತ್ರೆ ತಂದಿಟ್ಟು, ಅವನ ಕೈ ಹಿಡಿದು, ಏನೂ ಮಾತಾಡದೆ ಹೋದಳು. ತೋರಿಸಿಕೊಳ್ಳಲು ಹೋದರೆ ಡಾಕ್ಟರು ರಕ್ತ, ಎದೆ ಎಲ್ಲ ನೋಡಿ, ಎಲ್ಲ ಸರಿಯಾಗಿದೆ, ಮನಸ್ಸಿಗೆ ಆಯಾಸ ಎಂದು ಬರೆಯಲೇ ಎಂದರು. "ಆಯಾಸ ಆಗಿತ್ತಾ ನಂಗೆ?" ಎಂದು ರೀನೊ ಅವರನ್ನೇ ಕೇಳಿದ.

ಡೋರಿಸಳ ಗೊಂದಲ ಇನ್ನೊಂದು ಬಗೆಯದು. ಮುಂದಿನ ಮಂಗಳವಾರ ಅವಳು ಬಸ್ ಹಿಡಿದು ಆ ಕ್ಲಬ್ಬಿಗೇ ಹೋದಳು. ಮರ್ಲ್ ಇದ್ದಳು, ಎಂಬತ್ತರ ಹತ್ತಿರದವಳು. ಹಲಗೆ ಇತ್ತು, ಸೀಮೆಸುಣ್ಣವಿತ್ತು. ಗಂಡ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮನೆಗೆ ಬಂದವಳು ಚೀಲ ಕೂಡ ಕೆಳಗಿಡದೆ ಕೂತಳು.

"ನಿನ್ನ ಅಂಕಿ ಬಹಳ ದುಂಡಗೆ ಇತ್ತಂತೆ. ಇನ್ನೊಂದಿನ ಬರ್ತಾನಾ ಅಂತ ಕೇಳಿದ್ರು."

"ನೀನೇನಂದೆ?"

"ಏನನ್ಲಿ? ಯಾವಳನ್ನೋ ಇಟ್ಕೊಂಡಿದ್ದೆ ಅಂದಿದ್ರೆ ನಂಗೆ ಏನು ಮಾಡಬೇಕು ಅಂತ ಗೊತ್ತಿತ್ತು ರೀನೊ. ತಟ್ಟೆ ಎಸೀತಿದ್ದೆ. ಇದಕ್ಕೆ ಏನು ಎಸೀಲಿ?"

ಮೂರು ವಾರ ಕಳೆದ ಮೇಲೆ ಒಂದು ಸೋಮವಾರ ಟ್ರೆವ್ ಬರಲಿಲ್ಲ. ಕಾರು ದಾರಿಯಲ್ಲಿ ಕೆಟ್ಟು ನಿಂತಿದೆ ಎಂದು ಫೋನ್ ಬಂದಿತ್ತು. ಅಷ್ಟರಲ್ಲಾಗಲೇ ಅವನಿಗೆ ಕೊನೆಯ ಎಚ್ಚರಿಕೆ ಕೊಟ್ಟಾಗಿತ್ತು. ಇನ್ನೊಂದು ಸುಳ್ಳು ಸಿಕ್ಕಿಬಿದ್ದರೆ ಮನೆಗೆ ಕಳಿಸುವುದೇ ಎಂದು ಕೀತ್ ಹೇಳಿದ್ದ. ಟ್ರೆವ್ ಎಂಜಿನ್ನಿನಲ್ಲಿ ಬಿಟ್ಟುಹೋಗಿದ್ದ ಫ್ಲಾಸ್ಕ್ ಕೊಟ್ಟು ಹೋಗೋಣವೆಂದು ಶಿಫ್ಟ್ ಮುಗಿಸಿ ರೀನೊ ಅವನ ಮನೆಗೆ ತಿರುಗಿದ.

ಕಾರು ಮನೆಯ ಮುಂದೆಯೇ ನಿಂತಿತ್ತು, ತೊಳೆದ ಹಾಗೆ ಹೊಳೆಯುತ್ತಿತ್ತು. ಟ್ರೆವ್ ಹಿತ್ತಲಲ್ಲಿ ಒಗೆದ ಬಟ್ಟೆ ಒಣಹಾಕುತ್ತಿದ್ದ. ಹೆಂಗಸರ ರಾತ್ರಿ ಅಂಗಿಗಳು, ಹೊದಿಕೆಗಳು. ರೀನೊನನ್ನು ಕಂಡು ಅವನ ಕೈಯಲ್ಲಿದ್ದ ಕ್ಲಿಪ್ಪು ಹುಲ್ಲಿಗೆ ಬಿತ್ತು.

"ಮೆಲ್ಲಗೆ ಮಾತಾಡು. ಈಗಷ್ಟೇ ಮಲಗಿದಾಳೆ."

ಟ್ರೆವ್‌ನ ಹೆಂಡತಿ ಲಿನೆಟ್‌ಳನ್ನು ರೀನೊ ನೋಡಿ ಎಷ್ಟೋ ವರ್ಷವಾಗಿತ್ತು. ಹಬ್ಬದ ಊಟಕ್ಕೂ ಬರುತ್ತಿರಲಿಲ್ಲ. ಬಹಳ ಬಿಂಕದವಳು ಎಂದು ಹೆಂಗಸರು ಅಂದುಕೊಂಡಿದ್ದರು.

"ಬೆಳಗ್ಗೆ ನಾನು ಹೊರಟೆ ಅನ್ನೋವಾಗ ಬಚ್ಚಲುಮನೆ ನೆಲದ ಮೇಲೆ ಕೂತುಬಿಟ್ಟಳು" ಅಂದ ಟ್ರೆವ್, ಬಟ್ಟೆಯ ಕಡೆಗೇ ನೋಡುತ್ತ. "ಟಬ್ಬಿನ ಅಂಚು ಹಿಡ್ಕೊಂಡು. ಏನಾಯ್ತು ಅಂದ್ರೆ ಗೊತ್ತಿಲ್ಲ ಅಂತಾಳೆ. ಕೆಲವು ತಿಂಗಳು ಚೆನ್ನಾಗಿರ್ತಾಳೆ. ಮತ್ತೆ ಒಂದಿನ ಹೀಗೆ. ಹನ್ನೊಂದು ವರ್ಷ ಆಯ್ತು. ಅಂಥ ದಿನ ಒಬ್ಬಳನ್ನೇ ಬಿಟ್ಟು ಬರೋಕೆ ನಂಗೆ ಭಯ."

"ಯಾರಿಗೂ ಹೇಳಿಲ್ವಾ?"

"ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದಾಳೆ. ಕೀತಿನ ಪುಸ್ತಕಕ್ಕೆ ಹೋಗಲೇಬಾರದು ಅಂತ. ಹೋದ್ರೆ ಸಂಜೆಗೆ ಊರಿಗೆಲ್ಲ ಗೊತ್ತಾಗುತ್ತೆ."

ರೀನೊ ಬಿದ್ದಿದ್ದ ಕ್ಲಿಪ್ಪು ಹೆಕ್ಕಿ ಕೊಟ್ಟ. ಆಮೇಲೆ ಕೇಳಿದ: "ಆ ಮೊಸಳೆ?"

"ಅವತ್ತೂ ಅವಳೇ."

"ಹಲ್ಲುನೋವು ಅಂದಿದ್ಯಲ್ಲ, ಹೋದ ವರ್ಷ?"

"ಅದು ನಿಜವಾಗ್ಲೂ ಹಲ್ಲುನೋವು ಕಣೋ. ಅದನ್ನೊಂದನ್ನ ಮಾತ್ರ ಯಾರೂ ನಂಬಲಿಲ್ಲ."

ಇಬ್ಬರೂ ಸದ್ದಾಗದಂತೆ ನಕ್ಕರು. ನಗುತ್ತಲೇ ಟ್ರೆವ್‌ನ ಮುಖ ಮುದುಡಿತು. ರೀನೊ ಬುಟ್ಟಿಯಲ್ಲಿ ಉಳಿದಿದ್ದ ಹೊದಿಕೆಯ ಇನ್ನೊಂದು ತುದಿ ಹಿಡಿದ. ಗೊತ್ತಿಲ್ಲ ಅನ್ನುತ್ತಾಳಂತೆ ಅವಳೂ. ಆ ಮಾತು ಮನೆಯವರೆಗೂ ಅವನ ತಲೆಯೊಳಗೆ ಸುತ್ತುತ್ತಲೇ ಇತ್ತು.

ಮಂಗಳವಾರ ಬೆಳಗ್ಗೆ ಎಂಜಿನ್ ಹತ್ತುವ ಮೊದಲೇ ಕೀತ್ ಅವನನ್ನು ಪಕ್ಕಕ್ಕೆ ಕರೆದ. "ನಿನ್ನೆ ಸಾಯಂಕಾಲ ನೀನು ಟ್ರೆವ್ ಮನೆಗೆ ಹೋಗಿದ್ದು ನೋಡಿದೋರು ಹೇಳಿದ್ರು. ಆ ಕಾರು ಕೆಟ್ಟಿತ್ತಾ, ಇಲ್ವಾ? ನಿನ್ನ ಬಗ್ಗೆ ನೀನು ಏನೋ ಮುಚ್ಚಿಡ್ತಿದೀಯ, ಅದು ನಿನ್ನ ಇಷ್ಟ. ಬೇರೆಯವರ ವಿಷಯದಲ್ಲಿ ನೀನು ಸುಳ್ಳು ಹೇಳೋನಲ್ಲ."

ರೀನೊನ ಕಿವಿ ಬಿಸಿಯಾಯಿತು. "ಕೆಟ್ಟಿತ್ತು" ಅಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅಭ್ಯಾಸವಿಲ್ಲದವನಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. "ಕ್ಲಚ್ ಹೋಗಿತ್ತು. ರಸ್ತೇಲಿ ನಿಂತಿತ್ತು. ನಾನೇ ಹಗ್ಗ ಕಟ್ಟಿ ಪಿಕಪ್ಪಲ್ಲಿ ಎಳ್ಕೊಂಡು ಮನೆಗೆ ಬಿಟ್ಟೆ."

"ಸರಿ ಹಾಗಾದ್ರೆ" ಅಂದ ಕೀತ್. ಪುಸ್ತಕದಲ್ಲಿ ಬರೆದುಕೊಂಡು ಹೊರಟೇಬಿಟ್ಟ. ಎರಡನೆಯ ಪ್ರಶ್ನೆ ಕೇಳಲಿಲ್ಲ.

ರೀನೊ ಅಲ್ಲೇ ನಿಂತ. ಒಂದು ತಿಂಗಳಿಂದ ಇದ್ದದ್ದನ್ನು ಇದ್ದಹಾಗೇ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದ. ಒಬ್ಬನೂ ನಂಬಿರಲಿಲ್ಲ. ಎಂಜಿನ್ನಿನೊಳಗೆ ಟ್ರೆವ್ ಅವನಿಗೆ ಚಹಾ ಸುರಿದುಕೊಟ್ಟ.

ಸಂಜೆ ಡೋರಿಸಳಿಗೆ ಕೀತ್ ಕೇಳಿದ್ದನ್ನೂ ತಾನು ಹೇಳಿದ್ದನ್ನೂ ತಿಳಿಸಿದ. ಲಿನೆಟ್‌ಳ ವಿಷಯ ಮಾತ್ರ ಹೇಳಲಿಲ್ಲ.

ಡೋರಿಸ್ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿದಳು. "ಯಾವ ಹಗ್ಗದಲ್ಲಿ ಎಳೆದೆ?"

ರೀನೊ ಕಿಟಕಿಯಾಚೆ ನಿಂತಿದ್ದ ಪಿಕಪ್ಪಿನ ಕಡೆ ನೋಡಿದ.

"ನಮ್ಮನೇಲಿ ಹಗ್ಗವೇ ಇಲ್ಲ ರೀನೊ. ಕೀತ್ ಯಾವತ್ತಾದ್ರೂ ಆ ಹಗ್ಗ ಬೇಕು ಅಂತ ಕೇಳಿದ್ರೆ ಏನು ಕೊಡ್ತೀಯ?"

ಅವನು ಅದನ್ನು ಯೋಚಿಸಿಯೇ ಇರಲಿಲ್ಲ. ಅಂಗಡಿ ಮುಚ್ಚುವ ಮುಂಚೆ ಪೇಟೆಗೆ ಓಡಿದ. ಎಂಟು ಮೀಟರಿನ ದಪ್ಪ ಹಗ್ಗ ಕೊಂಡು ತಂದ. ಮನೆಗೆ ತಂದು ನೋಡಿದರೆ ಅದು ಹಾಲಿನಷ್ಟು ಬೆಳ್ಳಗಿತ್ತು. ಕಾರು ಎಳೆದ ಹಗ್ಗ ಹಾಗಿರುತ್ತದೆಯೇ? ಪಿಕಪ್ಪಿನ ಹಿಂದಕ್ಕೆ ಕಟ್ಟಿ, ಮನೆಯ ಪಕ್ಕದ ಕೆಂಪು ಮಣ್ಣಿನ ಹಾದಿಯಲ್ಲಿ ಮೇಲಕ್ಕೂ ಕೆಳಕ್ಕೂ ಓಡಿಸತೊಡಗಿದ. ಹಗ್ಗ ಹಾವಿನಂತೆ ಹಿಂದೆ ಹಿಂದೆ ಬಂತು. ನಾಯಿ ಅದನ್ನು ಅಟ್ಟಿಸಿಕೊಂಡು ಬೊಗಳಿತು.

ಡೋರಿಸ್ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಮೂರನೆಯ ಸುತ್ತಿಗೆ ತಲೆ ಹೊರಹಾಕಿ ಕೂಗಿದಳು: "ಏನು ಮಾಡ್ತಿದೀಯ?"

"ಹಗ್ಗ ಹಳೇದು ಮಾಡ್ತಿದೀನಿ!"

"ಯಾಕೆ? ಟ್ರೆವ್ ಸುಳ್ಳಿಗೆ ನೀನ್ಯಾಕೆ ಹಗ್ಗ ತರಬೇಕು?"

ರೀನೊ ಗಾಡಿ ನಿಲ್ಲಿಸಿದ. ಈ ಸಲ ಕಾರಣವಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. "ಹೇಳೋಕಾಗಲ್ಲ ಡೋರಿಸ್" ಅಂದ.

ಅವಳು ಅವನ ಮುಖ ನೋಡಿದಳು. ಗೊತ್ತಿಲ್ಲ ಅನ್ನುವುದಕ್ಕೂ ಹೇಳಲಾಗದು ಅನ್ನುವುದಕ್ಕೂ ಇರುವ ವ್ಯತ್ಯಾಸ ಅವಳಿಗೆ ಕೇಳಿಸಿರಬೇಕು. ಒಲೆ ಸಣ್ಣಗೆ ಮಾಡಿ ಹೊರಗೆ ಬಂದಳು. ಹಗ್ಗದ ತುದಿ ಎತ್ತಿ ನೋಡಿದಳು.

"ಬರೀ ಮಣ್ಣಾದ್ರೆ ಸಾಲದು. ಗಂಟು ಹಾಕಿದ ಗುರುತೇ ಇಲ್ಲ. ಆ ಗ್ರೀಸ್ ಡಬ್ಬಿ ತಗೊಂಬಾ."

ಗಂಡ ಹೆಂಡತಿ ಇಬ್ಬರೂ ಮಣ್ಣಿನಲ್ಲಿ ಕೂತು, ಗಂಟು ಹಾಕಿ ಬಿಗಿದು, ಬಿಚ್ಚಿ, ಮತ್ತೆ ಬಿಗಿದು ಹಗ್ಗಕ್ಕೆ ಗ್ರೀಸ್ ತಿಕ್ಕಿದರು. ಆಲೂಗಡ್ಡೆ ಸೀದುಹೋಯಿತು.